ಮುಳ್ಳಿಲ್ಲದ ಬಿದಿರು ಅಂತ ಬರೋರಿಗೆ ದುಡ್ಡು ಕೊಡ್ಬೇಡಿ

ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತಿದ್ದೀನಿ. ನನಗೆ ಬಿದಿರು ಸಸಿ ಮಾರಿ ಮೋಸ ಮಾಡಿದ ಜನಾನೇ ಈಗ ಜಗಳೂರು ಕಡೆ ತಿರುಗ್ತಿದ್ದಾರೆ ಅಂತ ನಿನ್ನೆ ಗೊತ್ತಾಯ್ತು.

ನಂದು ಹೊಳಲ್ಕೆರೆ ತಾಲ್ಲೂಕು. ಬೋರು ಬತ್ತಿ ಅಡಿಕೆ ಒಣಗಿದ ಎರಡು ಎಕರೆ ಖಾಲಿ ಬಿದ್ದಿತ್ತು. ಕಾರಲ್ಲಿ ಬಂದ ಇಬ್ಬರು, 'ಬಾಲ್ಕೂವಾ ಅನ್ನೋ ಬಿದಿರು ತಳಿ, ಟಿಶ್ಯೂ ಕಲ್ಚರ್ ಅಂದ್ರೆ ಲ್ಯಾಬಲ್ಲಿ ಬೆಳೆಸಿದ ಸಸಿ, ಮುಳ್ಳಿರಲ್ಲ, ನಾಲ್ಕನೇ ವರ್ಷದಿಂದ ಕಟಾವು, ಕೊಳ್ಳೋದೂ ನಾವೇ' ಅಂದ್ರು. 2017ರಲ್ಲಿ ಕೇಂದ್ರದ ಅರಣ್ಯ ಕಾಯ್ದೆ ತಿದ್ದಿ ಬಿದಿರನ್ನ ಮರದ ಪಟ್ಟಿಯಿಂದ ತೆಗೆದಿದ್ದಾರೆ ಅಂತಾನೂ ಹೇಳಿದ್ರು. ಅದು ನಿಜ. ಆ ಒಂದು ನಿಜ ಕೇಳಿ ಮಿಕ್ಕಿದ್ದೆಲ್ಲ ನಂಬಿಬಿಟ್ಟೆ. ಎಕರೆಗೆ 200ರಂತೆ 400 ಸಸಿ, ಒಂದಕ್ಕೆ 180 ರೂಪಾಯಿ. 72 ಸಾವಿರ! ಹೆಂಡತಿ 'ಅರಣ್ಯ ಇಲಾಖೆ ನರ್ಸರೀಲಿ ಒಂದ್ಸಲ ಕೇಳ್ರೀ' ಅಂದಿದ್ಲು. ಕೇಳ್ಲಿಲ್ಲ.

ಮೂರನೇ ವರ್ಷ ಮೆಳೆ ಬುಡ ಸವರೋಕೆ ಕೈ ಹಾಕಿದೆ. ಗಿಣ್ಣಿಗೆ ಮೂರು ಮುಳ್ಳು, ನಡುವಿಂದು ಉದ್ದ, ತುದಿ ಕೊಕ್ಕೆಯಂಗೆ ಬಗ್ಗಿದೆ. ಅಂಗಿ ತೋಳು ಹಿಡ್ಕೊಂಡ್ರೆ ಬಿಡಲ್ಲ. ಮೊರ ಮಾರೋಕೆ ಬಂದಿದ್ದ ಮೇದಾರ ಅಜ್ಜನ್ನ ಕರ್ಕೊಂಡೋಗಿ ತೋರಿಸಿದೆ. ನೋಡ್ತಿದ್ದಂಗೆ ನಕ್ಕುಬಿಟ್ಟ. "ಇದು ಕಾಡಲ್ಲಿರೋ ಹೆಬ್ಬಿದಿರು ಕಣ್ ತಮ್ಮಾ. ಇದಕ್ಕೂ ದುಡ್ಡು ಕೊಟ್ಯಾ?" ಆ ನಗು ಇನ್ನೂ ಕಿವೀಲಿದೆ. ಬಾಲ್ಕೂವಾ ಬೀಜಾನೇ ಕಟ್ಟಲ್ವಂತೆ, ಕಡ್ಡಿಯಿಂದ ಇಲ್ಲಾ ಲ್ಯಾಬಲ್ಲಿ ಮಾಡ್ಬೇಕಂತೆ. ನನಗೆ ಕೊಟ್ಟಿದ್ದು ಬೀಜದ ಸಸಿ.

ಸಸಿ ಮಾರಿದ ಇಬ್ಬರಲ್ಲಿ ಒಬ್ಬನಿಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ: "ನೀರು ಕಮ್ಮಿ ಆದ್ರೆ ಮುಳ್ಳು ಬರುತ್ತೆ ಸರ್." ನೀರು ಕಮ್ಮಿ ಆದ್ರೆ ಮುಳ್ಳಂತೆ! ಹಂಗಿದ್ರೆ ನಮ್ಮ ಜಿಲ್ಲೇಲಿ ಬಾಳೆಗೂ ಮುಳ್ಳು ಬರ್ಬೇಕಿತ್ತು. ಇನ್ನೊಂದ್ಸಲ "ನಿಮ್ಮ ಮಣ್ಣಿನ ಗುಣ ಸರ್." ಆಯ್ತು, ಮಾತಿನಂತೆ ನೀವೇ ಕೊಳ್ರಪ್ಪ ಅಂದ್ರೆ "ಅಗ್ರಿಮೆಂಟ್ ಓದಿ ಸರ್." ಓದಿದೆ, ಸಹಿ ಹಾಕಿ ಮೂರು ವರ್ಷ ಆದ್ಮೇಲೆ. 'ಗುಣಮಟ್ಟ ಒಪ್ಪಿಗೆಯಾದಲ್ಲಿ, ಅಂದಿನ ದರಕ್ಕೆ, ರೈತರೇ ಸಾಗಿಸತಕ್ಕದ್ದು.' ಯಾರ ಒಪ್ಪಿಗೆ, ಎಲ್ಲಿಗೆ ಸಾಗಿಸೋದು, ಒಂದೂ ಇಲ್ಲ. ಬಿಲ್ಲು ಅಂತ ಕೊಟ್ಟ ಬಿಳಿ ಚೀಟೀಲಿ ಬರೀ 'ಬಿದಿರು ಸಸಿ 400'. ಬಾಲ್ಕೂವಾ ಅನ್ನೋ ಪದಾನೇ ಇಲ್ಲ! ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.

ಬಿದಿರು ಕೆಟ್ಟದ್ದು ಅಂತಿಲ್ಲ. ಒಂದ್ಸಲ ಬೇರೂರಿದ್ರೆ ವರ್ಷಾವರ್ಷ ಕಳಲೆ ಒಡೆಯುತ್ತೆ, ಬಲಿತ ಗಳ ಕಡಿದ್ರೂ ಬುಡ ಸಾಯಲ್ಲ. ನಾನು ಬೈತಿರೋದು ಆ ಇಬ್ಬರನ್ನ, ಅರ್ಧ ನನ್ನನ್ನೇ. ತಳಿ ಹೆಸರು ಬಿಲ್ಲಲ್ಲಿ ಬರೆಸ್ಕೊಳ್ಳಿ. ಇಲಾಖೆ ನರ್ಸರೀಲಿ ಕೇಳಿ. ಮೇದಾರರನ್ನ ದುಡ್ಡು ಕೊಡೋ ಮುಂಚೆ ಕೇಳಿ, ನನ್ನಂಗೆ ಆಮೇಲಲ್ಲ.

ಜಗಳೂರು ಕಡೆಯವರು ಯಾರಾದ್ರೂ ಆಗ್ಲೇ ಮುಂಗಡ ಕೊಟ್ಟಿದ್ರೆ, ಸಸಿ ಇಳಿಸ್ಕೊಳ್ಳೋ ಮುಂಚೆ ನನ್ನ ಹೊಲಕ್ಕೆ ಬಂದು ಈ ಮುಳ್ಳು ನೋಡ್ಕೊಂಡು ಹೋಗಿ.