ಸಂತೆ ಬೀದಿಯ ಶೌಚಾಲಯ: ಒಳಚರಂಡಿಯೋ, ಸೆಪ್ಟಿಕ್ ಟ್ಯಾಂಕೋ, ಜೋಡಿ ಗುಂಡಿಯೋ?

ಶಿವಮೊಗ್ಗದ ಗಾಂಧಿ ಬಜಾರಿನಂಥ ಇಕ್ಕಟ್ಟಿನ ಜಾಗದಲ್ಲಿ ಒಳಚರಂಡಿ ಹತ್ತಿರವಿದ್ದರೆ ಶೌಚಾಲಯವನ್ನು ಅದಕ್ಕೇ ಜೋಡಿಸಿ. ಟ್ಯಾಂಕಿಗೆ ಜಾಗ ಬೇಡ, ಹೂಳು ತೆಗೆಸುವ ಖರ್ಚೂ ಇಲ್ಲ. ಆದರೆ ನೀರು ಕೈಕೊಟ್ಟ ದಿನ ಪೈಪು ಕಟ್ಟಿಕೊಳ್ಳುತ್ತದೆ. ಓವರ್‌ಹೆಡ್ ಟ್ಯಾಂಕ್ ದೊಡ್ಡದಿರಲಿ.

ಒಳಚರಂಡಿ ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕ್. ಕಟ್ಟಲು ದುಬಾರಿ. ಮನೆಯ ಟ್ಯಾಂಕಿಗೆ ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಿದರೆ ಸಾಕು, ಜನಜಂಗುಳಿಯಲ್ಲಿ ಅಷ್ಟು ಕಾಯುವಂತಿಲ್ಲ. ಹೂಳು ಹೀರುವ ಸಕ್ಕಿಂಗ್ ಗಾಡಿ ಬರುವಷ್ಟು ದಾರಿ ಬಿಡದೆ ಕಟ್ಟುವುದೇ ಎಲ್ಲರೂ ಮಾಡುವ ತಪ್ಪು. ಆ್ಯಸಿಡ್, ಬ್ಲೀಚಿಂಗ್ ಪುಡಿ ಧಾರಾಳವಾಗಿ ಸುರಿದರೆ ಕೊಳೆಸುವ ಬ್ಯಾಕ್ಟೀರಿಯಾ ಸತ್ತು ನಾತ ಹೆಚ್ಚುತ್ತದೆ.

ಜೋಡಿ ಗುಂಡಿ, ಅಂದರೆ ನೀರು ಮಣ್ಣಿಗೆ ಇಂಗುವಂಥ ಎರಡು ಗುಂಡಿ, ಅಗ್ಗ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಗೊಬ್ಬರ. ಇದು ದಿನಕ್ಕೆ ಹತ್ತಿಪ್ಪತ್ತು ಜನ ಬಳಸುವ ಹಳ್ಳಿ ಬಸ್‌ಸ್ಟಾಪಿಗೆ ಸರಿ, ಸಂತೆಗಲ್ಲ. ಗುಂಡಿಯ ತಳ ಅಂತರ್ಜಲಕ್ಕಿಂತ 2 ಮೀಟರ್ ಮೇಲಿರಬೇಕು. ಆಗುಂಬೆ, ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೇರುತ್ತದಲ್ಲ! ಅಂಥಲ್ಲಿ ಗುಂಡಿಯ ನೀರು ಇಂಗದು, ಬಾವಿಯೂ ಕೆಡುತ್ತದೆ. ಎತ್ತರದ ದಿಬ್ಬವಿದ್ದರೆ ಮಾತ್ರ ಯೋಚಿಸಿ. ಬೇಸಿಗೆಯಲ್ಲಿ ಅಳೆದ ನೀರಿನ ಮಟ್ಟ ನಂಬಬೇಡಿ, ಜೋರು ಮಳೆಗಾಲದಲ್ಲಿ ಅಳೆಯಿರಿ.