ಇಂಚು ಬೋಲ್ಟಿಗೆ ಎಂಎಂ ಸ್ಪ್ಯಾನರ್: ಅಳತೆ ಹೊಂದಿಸುವ ನಾಲ್ಕು ದಾರಿಗಳು

ಎದುರಿಗಿರುವುದು ಇಂಚು ಬೋಲ್ಟು, ಕೈಯಲ್ಲಿರುವುದು ಎಂಎಂ ಸ್ಪ್ಯಾನರ್ ಸೆಟ್. ಅಥವಾ ಅದರ ಉಲ್ಟಾ. ಆಗ ಯಾವ ಸ್ಪ್ಯಾನರ್ ಹಾಕಬೇಕು ಅಂತ ಗೊತ್ತು ಮಾಡಿಕೊಳ್ಳಲು ನಾನು ನಾಲ್ಕು ದಾರಿಗಳನ್ನು ಬಳಸಿ ನೋಡಿದ್ದೇನೆ: ಬಾಯಿಲೆಕ್ಕ, ಫೋನಿನ ಕ್ಯಾಲ್ಕುಲೇಟರ್, ಚಾರ್ಟು, ವರ್ನಿಯರ್ ಕ್ಯಾಲಿಪರ್. ನಾಲ್ಕೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ ಅಂತ ಅನ್ನಿಸುತ್ತದೆ, ಆದರೆ ಕೊಡುವುದಿಲ್ಲ. ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಿಸುವುದು ಸುಲಭ. ಆ ಸ್ಪ್ಯಾನರ್ ಬೋಲ್ಟಿನ ಮೂಲೆ ಸವೆಸದೆ ಕೂರುತ್ತದಾ ಅನ್ನುವುದು ಬೇರೆ ಮಾತು.

ಬಾಯಿಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. ಇಂಚಿನ ಹದಿನಾರನೇ ಒಂದು ಭಾಗ ಅಂದರೆ ಸುಮಾರು 1.6 ಎಂಎಂ. ಹಾಗಾಗಿ 5/8 ಅಂದರೆ ಹತ್ತು ಭಾಗ, 16 ಎಂಎಂ. 15/16 ಅಂದರೆ 24. ನಿಜವಾದ ಲೆಕ್ಕ 15.88 ಮತ್ತು 23.81. ಪ್ರತಿ ಭಾಗಕ್ಕೆ 1.5875 ಇರುವುದನ್ನು 1.6 ಅಂದುಕೊಳ್ಳುವುದರಿಂದ ಅಳತೆ ದೊಡ್ಡದಾದಂತೆ ತಪ್ಪೂ ಬೆಳೆಯುತ್ತದೆ. ಆದರೂ ಪೆಟ್ಟಿಗೆಯಲ್ಲಿ ಯಾವ ಸ್ಪ್ಯಾನರ್ ಕಡೆ ಕೈ ಹಾಕಬೇಕು ಅನ್ನುವುದಕ್ಕೆ ಇದಕ್ಕಿಂತ ಬೇಗದ ದಾರಿ ನನಗೆ ಸಿಕ್ಕಿಲ್ಲ. ಕೈಗೆ ಗ್ರೀಸ್ ಮೆತ್ತಿರುವಾಗ ಇದೇ ಒಳ್ಳೆಯದು.

ಕ್ಯಾಲ್ಕುಲೇಟರಿನಲ್ಲಿ ತಪ್ಪಿಗೆ ಜಾಗವೇ ಇಲ್ಲ. 1959ರ ಅಂತರರಾಷ್ಟ್ರೀಯ ಒಪ್ಪಂದದಿಂದ ಒಂದು ಇಂಚು ಅಂದರೆ ಸರಿಯಾಗಿ 25.4 ಎಂಎಂ. ಭಿನ್ನರಾಶಿಯನ್ನು ಅದರಿಂದ ಗುಣಿಸಿದರೆ ಮುಗಿಯಿತು. ತೊಂದರೆ ಶುರುವಾಗುವುದು ಉತ್ತರ ಬಂದ ಮೇಲೆ. 9/16 ಇಂಚು 14.29 ಎಂಎಂ. ಹತ್ತಿರದ ಪೂರ್ಣಸಂಖ್ಯೆ 14. ಆದರೆ 14ರ ಸ್ಪ್ಯಾನರ್ ಆ ತಲೆ ಮೇಲೆ ಸಾಮಾನ್ಯವಾಗಿ ಹೋಗುವುದೇ ಇಲ್ಲ. 11/16 ಕೂಡ ಹಾಗೆಯೇ: 17.46 ಬರುತ್ತದೆ, 17 ಹಿಡಿಯುವುದಿಲ್ಲ. ಸ್ಪ್ಯಾನರ್ ವಿಷಯದಲ್ಲಿ ಸಾಮಾನ್ಯವಾಗಿ ಮೇಲಿನ ಸಂಖ್ಯೆಗೇ ಹೋಗಬೇಕು. ಹಾಗಂತ 9/16ಕ್ಕೆ 15 ಹಾಕಿದರೆ 0.7 ಎಂಎಂ ಲೂಸು. ಸ್ವಲ್ಪ ಬಿಗಿಯಾದ ಬೋಲ್ಟಿನ ಮೂಲೆ ಗುಂಡಗಾಗಲು ಅಷ್ಟು ಸಾಕು. ಹೋಗುತ್ತದಾ, ಎಷ್ಟು ಲೂಸು ಅನ್ನುವ ಎರಡೂ ಪ್ರಶ್ನೆಗಳನ್ನು ಕ್ಯಾಲ್ಕುಲೇಟರ್ ನಮಗೇ ಬಿಡುತ್ತದೆ.

ಇಲ್ಲಿ ಚಾರ್ಟು ಗೆಲ್ಲಬೇಕಿತ್ತು. ಆದರೆ ರೆಡಿ ಸಿಗುವ ಎಷ್ಟೋ ಚಾರ್ಟುಗಳಲ್ಲಿ ಇಂಚಿನ ಎದುರು ಹತ್ತಿರದ ಎಂಎಂ ಮಾತ್ರ ಇರುತ್ತದೆ, ವ್ಯತ್ಯಾಸ ಎಷ್ಟು ಅಂತ ಇರುವುದಿಲ್ಲ. 3/4ರ ಎದುರು 19, 1/2ರ ಎದುರು 13, 3/8ರ ಎದುರು 10 ಅಂತ ಮೂರನ್ನೂ ಒಂದೇ ಧೈರ್ಯದಲ್ಲಿ ಬರೆದಿರುತ್ತಾರೆ. ಇವು ಮೂರೂ ಒಂದೇ ಅಲ್ಲ. 3/4 ಅಂದರೆ 19.05. ಸ್ಪ್ಯಾನರಿನ ಬಾಯಿಯನ್ನು ಬರೆದ ಅಳತೆಗಿಂತ ಕೂದಲೆಳೆಯಷ್ಟು ದೊಡ್ಡದಾಗಿಯೇ ಮಾಡುತ್ತಾರೆ, ಹಾಗಾಗಿ 19 ಚೆನ್ನಾಗಿ ಕೂರುತ್ತದೆ. 1/2ಕ್ಕೆ 13 ಹಾಕಿದರೆ 0.3 ಲೂಸು: ತಲೆಯನ್ನು ಸುತ್ತಲೂ ಹಿಡಿಯುವ ರಿಂಗ್ ಸ್ಪ್ಯಾನರಿನಲ್ಲಿ, ಕಡಿಮೆ ಬಿಗಿ ಇದ್ದರೆ ನಡೆಯುತ್ತದೆ. 3/8ಕ್ಕೆ 10 ಹಾಕಿದರೆ ಸುಮಾರು ಅರ್ಧ ಎಂಎಂ ಲೂಸು. ಅದನ್ನು ಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಅದಕ್ಕೇ ನನ್ನದೇ ಒಂದು ಚಿಕ್ಕ ಚಾರ್ಟು ಬರೆದು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಅದರಲ್ಲಿ ನಂಬಬಹುದಾದ ಜೋಡಿಗಳು ಮಾತ್ರ ಇವೆ: 5/16 ಮತ್ತು 8, 5/8 ಮತ್ತು 16, 3/4 ಮತ್ತು 19, 15/16 ಮತ್ತು 24, ಒಂದೂಕಾಲು ಇಂಚು ಮತ್ತು 32. ಇನ್ನೆರಡು ಜೋಡಿಗಳು ಒಂದೇ ದಿಕ್ಕಿನಲ್ಲಿ ನಡೆಯುತ್ತವೆ, ಅವುಗಳ ಪಕ್ಕದಲ್ಲಿ ಬಾಣದ ಗುರುತು ಇದೆ. 7/16ರ ಸ್ಪ್ಯಾನರ್ 11ರ ಬೋಲ್ಟಿಗೆ ಹೋಗುತ್ತದೆ, 7/8 ಸ್ಪ್ಯಾನರ್ 22ರ ಬೋಲ್ಟಿಗೆ ಹೋಗುತ್ತದೆ. ತಿರುಗಿಸಿ ಹಾಕಿದರೆ ಹಿಡಿಯುವುದಿಲ್ಲ. ಒಂದೂಕಾಲು ಇಂಚಿನ ಬೋಲ್ಟಿಗೆ 32 ಹಾಕಿದರೂ ಕಾಲು ಎಂಎಂ ಲೂಸೇ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಆ ದೊಡ್ಡ ತಲೆಗೆ ಅದು ನೂರಕ್ಕೆ ಒಂದು ಪಾಲೂ ಇಲ್ಲ. ಅರ್ಧ ಇಂಚಿನ ತಲೆ ಮೇಲೆ 0.3 ಅಂದರೆ ಎರಡು ಪಾಲು ದಾಟಿತು. ತಲೆ ಚಿಕ್ಕದಾದಷ್ಟೂ ಅದೇ ಲೂಸು ಜಾಸ್ತಿ ಹಾಳು ಮಾಡುತ್ತದೆ.

ಸ್ಕ್ರೂ ತಲೆಯ ಆರು ಮೂಲೆಯ ತೂತಿಗೆ ಹಾಕುವ ಅಲೆನ್ ಕೀಗೆ ಈ ಲೆಕ್ಕ ಪೂರ್ತಿ ಉಲ್ಟಾ. ಕೀ ಒಳಗೆ ಹೋಗುವ ವಸ್ತು, ಅದು ತೂತಿಗಿಂತ ದೊಡ್ಡದಿರುವ ಹಾಗಿಲ್ಲ. 5/32ರ ಕೀ 3.97 ಎಂಎಂ, 4ರ ತೂತಿನಲ್ಲಿ ಚೆನ್ನಾಗಿ ಕೂರುತ್ತದೆ. 5/16ರ ಕೀ 8ರಲ್ಲಿ ಕೂರುತ್ತದೆ. 3/16ರ ಕೀಯನ್ನು 5ರ ತೂತಿಗೆ ಹಾಕಲೇಬೇಡಿ. ಸುಮಾರು ಕಾಲು ಎಂಎಂ ಆಟ ಇರುತ್ತದೆ, ಒಳಗಿನ ಮೂಲೆಗಳು ಬೇಗ ಹೋಗುತ್ತವೆ. ಒಳಗಿನ ಮೂಲೆ ಹೋದ ಸ್ಕ್ರೂ ತೆಗೆಯುವುದು ಹೊರಗಿನ ಮೂಲೆ ಹೋದ ಬೋಲ್ಟ್ ತೆಗೆಯುವುದಕ್ಕಿಂತ ಎಷ್ಟೋ ಕಷ್ಟ.

ಈಗ ವರ್ನಿಯರ್. ನನಗೆ ನಾಲ್ಕರಲ್ಲಿ ಇದೇ ಮೇಲು, ಏಕೆಂದರೆ ಇದು ಬೋಲ್ಟನ್ನೇ ಕೇಳುತ್ತದೆ. ಮೂಲೆಯಿಂದ ಮೂಲೆಗೆ ಹಿಡಿಯಬಾರದು, ಚಪ್ಪಟೆ ಬದಿಯಿಂದ ಎದುರಿನ ಬದಿಗೆ ಹಿಡಿಯಬೇಕು. 13ರ ತಲೆ ಮೂಲೆಯಿಂದ ಮೂಲೆಗೆ 15 ತೋರಿಸುತ್ತದೆ. ತುಕ್ಕು, ಪೇಂಟು ಇದ್ದರೆ ಮೂರೂ ಜೋಡಿ ಬದಿಗಳನ್ನು ಅಳೆದು ನೋಡಿ. ಡಿಜಿಟಲ್ ಆದರೆ ಒಂದು ಬಟನ್ ಒತ್ತಿ ಇಂಚಿಗೂ ಬದಲಿಸಬಹುದು. ಇದರ ಕೊರತೆ ಒಂದೇ: ಇಕ್ಕಟ್ಟಿನ ಜಾಗಕ್ಕೆ ಕ್ಯಾಲಿಪರಿನ ಬಾಯಿ ಹೋಗುವುದಿಲ್ಲ. ಆಗ ತಲೆ ಮೇಲಿನ ಗುರುತು ನೋಡಿ. 8.8, 10.9 ಅಂತ ಅಂಕಿ ಇದ್ದರೆ ಎಂಎಂ ಬೋಲ್ಟು. ನಡುವಿನಿಂದ ಹೊರಗೆ ಹರಡಿದ ಗೀರುಗಳಿದ್ದರೆ ಇಂಚು: ಮೂರು ಗೀರು ಗ್ರೇಡ್ (ಬಲದ ದರ್ಜೆ) 5, ಆರು ಗೀರು ಗ್ರೇಡ್ 8.

ಅಡ್ಜಸ್ಟಬಲ್ ಸ್ಪ್ಯಾನರ್ ಇರುವಾಗ ಇಷ್ಟೆಲ್ಲ ಯಾಕೆ ಅನ್ನುವವರಿದ್ದಾರೆ. ಅದರ ಬಾಯಿ ಭಾರ ಬಿದ್ದಾಗ ಸ್ವಲ್ಪ ಸಡಿಲ ಬಿಡುತ್ತದೆ. ನಾನು ಅದನ್ನು ನಟ್ಟಿನ ಇನ್ನೊಂದು ಬದಿ ಹಿಡಿದುಕೊಳ್ಳಲು ಮಾತ್ರ ಬಳಸುತ್ತೇನೆ.

ಸ್ಪ್ಯಾನರ್ ಕೂತಿತು ಅಂತ ಇಂಚು ಬೋಲ್ಟಿನ ಜಾಗಕ್ಕೆ ಎಂಎಂ ಬೋಲ್ಟು ಹಾಕಲು ಹೋಗಬೇಡಿ. ಇಲ್ಲಿ ಬೋಲ್ಟಿನ ಹೆಸರಿನಲ್ಲಿರುವ ಸಂಖ್ಯೆ ಅದರ ದಪ್ಪ, ತಲೆಯ ಅಗಲ ಅಲ್ಲ. 5/16 ಬೋಲ್ಟಿನ ದಪ್ಪ 7.94, ಎಂ8 ಬೋಲ್ಟಿನದು 8. ಎರಡರ ತಲೆಗೂ 13ರ ಸ್ಪ್ಯಾನರ್ ಹೋಗುತ್ತದೆ. ಆದರೆ ಸಾಮಾನ್ಯ ಎಂ8ರಲ್ಲಿ ಥ್ರೆಡ್‌ನಿಂದ ಥ್ರೆಡ್‌ಗೆ 1.25 ಎಂಎಂ. ಇಂಚಿಗೆ 18 ಥ್ರೆಡ್ ಇರುವ 5/16ರಲ್ಲಿ 1.41. ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ, ಅಲ್ಲಿಂದ ಮುಂದೆ ಒತ್ತಿ ತಿರುಗಿಸಿದರೆ ಥ್ರೆಡ್ ಹೋಯಿತು ಅಂತಲೇ ಅರ್ಥ.

ಹಳೆಯ ಬ್ರಿಟಿಷ್ ಯಂತ್ರಗಳ ವಿಟ್ವರ್ತ್ ಬೋಲ್ಟುಗಳ ಮುಂದೆ ಬಾಯಿಲೆಕ್ಕ, ಕ್ಯಾಲ್ಕುಲೇಟರ್, ಚಾರ್ಟು ಮೂರೂ ಸೋಲುತ್ತವೆ. ಅಲ್ಲಿ ಸ್ಪ್ಯಾನರ್ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ಬಾಯಿಯ ಅಗಲ ಅಲ್ಲ. 1/4 ಡಬ್ಲ್ಯೂ ಅಂತ ಇರುವ ಸ್ಪ್ಯಾನರಿನ ಬಾಯಿ 0.525 ಇಂಚು, ಅಂದರೆ 13.3 ಎಂಎಂ. ಅಂಥ ಯಂತ್ರ ಕೈಗೆ ಬಂದರೆ ನೇರವಾಗಿ ವರ್ನಿಯರ್ ತೆಗೆದುಕೊಳ್ಳಿ.