ಹಳೇ ಸ್ವಿಫ್ಟಿಗೆ ಆಂಡ್ರಾಯ್ಡ್ ಸ್ಟೀರಿಯೋ, ಎರಡು ಮಳೆಗಾಲ ಆದ್ಮೇಲೆ

ನಮ್ಮ 2014ರ ಸ್ವಿಫ್ಟ್ ಡೀಸೆಲ್ ಗಾಡಿಗೆ ಒಂಬತ್ತು ಇಂಚಿನ ಆಂಡ್ರಾಯ್ಡ್ ಸ್ಟೀರಿಯೋ ಹಾಕ್ಸಿ ಎರಡು ಮಳೆಗಾಲ ಕಳೀತು. 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್ ಇರೋ ಸೆಟ್ಟು, ಫ್ರೇಮ್, ರಿವರ್ಸ್ ಕ್ಯಾಮೆರಾ, ಫಿಟಿಂಗ್ ಎಲ್ಲಾ ಸೇರಿ ಹದಿಮೂರು ಸಾವಿರದ ಹತ್ರ ಹತ್ರ ಆಯ್ತು. ಬ್ರ್ಯಾಂಡ್ ಹೆಸರು ಬರೀತಿಲ್ಲ, ಬರೆದ್ರೂ ಪ್ರಯೋಜನ ಇಲ್ಲ ಮಾರಾಯ್ರೆ, ಈ ರೇಟಲ್ಲಿ ಸಿಗೋ ಸುಮಾರು ಸೆಟ್ಟುಗಳ ಒಳಗಿನ ಬೋರ್ಡು ಒಂದೇ ತರದ್ದು, ಮೇಲಿನ ಸ್ಟಿಕ್ಕರ್ ಮಾತ್ರ ಬೇರೆ. ಯಾರು ಕೂರಿಸಿದ್ರು, ವೈರು ಹೆಂಗೆ ಎಳೆದ್ರು ಅನ್ನೋದ್ರ ಮೇಲೇ ಇದರ ಬಾಳಿಕೆ ಅಂತ ನನಗೀಗ ಗ್ಯಾರಂಟಿ ಆಗಿದೆ, ಮಲೆನಾಡಿನ ಥಂಡಿಯಲ್ಲಂತೂ ಇನ್ನೂ ಜಾಸ್ತಿ.

ಶಿವಮೊಗ್ಗದ ಒಂದು ಅಂಗಡೀಲಿ ಹಾಕ್ಸಿದ್ದು. ಹುಡುಗ ಹಳೇ ಸೆಟ್ಟು ಹೊರಗೆ ಎಳೆದವನೇ ಕಟಿಂಗ್ ಪ್ಲೇಯರ್ ಕೈಗೆ ತಗೊಂಡ. "ಅಣ್ಣ, ವೈರ್ ಕಟ್ ಮಾಡಿ ಜಾಯಿಂಟ್ ಹಾಕಿ ಟೇಪ್ ಸುತ್ತಿಬಿಡ್ತೀನಿ, ಏನೂ ಆಗಲ್ಲ" ಅಂದ. "ಬೇಡಪ್ಪಾ, ಕಪ್ಲರ್ ತರ್ಸು, ಎಷ್ಟಾಗುತ್ತೋ ಕೊಡ್ತೀನಿ" ಅಂದೆ. ಕಪ್ಲರ್ ಅಂದ್ರೆ ಒಂದು ಕಡೆ ನಮ್ಮ ಗಾಡಿ ಸಾಕೆಟ್ಟಿಗೆ, ಇನ್ನೊಂದು ಕಡೆ ಹೊಸ ಸೆಟ್ಟಿಗೆ ಸಿಗೋ ರೆಡಿ ವೈರಿಂಗ್, ಕೆಲವೇ ನೂರು ರೂಪಾಯಿದು. ಟೇಪ್ ಸುತ್ತಿದ ಜಾಯಿಂಟು ದಾವಣಗೆರೆಯಲ್ಲಿ ಹತ್ತು ವರ್ಷ ಬಾಳಬಹುದು, ನಮ್ಮ ಕಡೆ ಜುಲೈ ಆಗಸ್ಟಲ್ಲಿ ಬೀರು ಒಳಗಿನ ಬಟ್ಟೆಗೇ ಬೂಸ್ಟು ಬರುತ್ತೆ, ಇನ್ನು ತಾಮ್ರದ ಎಳೆ ಕಿಲುಬು ಹಿಡೀದೆ ಇರುತ್ತಾ? ಮೇಲಾಗಿ ಒರಿಜಿನಲ್ ವೈರು ಕತ್ತರಿಸಿದ್ರೆ ಮುಂದೆ ಗಾಡಿ ಮಾರೋವಾಗ ಹಳೇ ಸೆಟ್ಟು ವಾಪಸ್ ಕೂರ್ಸೋದೂ ತಲೆನೋವು.

ಕಾರ್ ಸ್ಟೀರಿಯೋ ಕೂರೋ ಗೂಡಿಗೆ ಡಬಲ್ ಡಿನ್ ಅಂತ ಒಂದು ಸ್ಟ್ಯಾಂಡರ್ಡ್ ಅಳತೆ ಇದೆ, 180 ಮಿಲಿಮೀಟರ್ ಅಗಲ, 100 ಎತ್ತರ. ನಮ್ಮ ಸ್ವಿಫ್ಟಲ್ಲಿ ಕಂಪ್ನಿ ಸೆಟ್ಟು ಡ್ಯಾಶ್‌ಬೋರ್ಡಿನ ಆಕಾರಕ್ಕೇ ಮಾಡಿದ್ದು, ಹಂಗಾಗಿ ಆ ಮಾಡೆಲ್ಲಿಗೇ ಅಂತ ಬರೋ ಪ್ಲಾಸ್ಟಿಕ್ ಫ್ರೇಮ್ ಬೇಕೇ ಬೇಕು. ಫ್ರೇಮ್ ಅಗ್ಗದ್ದು ಬಂತು, ಹೊಂಡದ ರಸ್ತೇಲಿ ಕಿರಕಿರ ಅನ್ನೋಕೆ ಶುರುವಾಯ್ತು, ಆಮೇಲೆ ಅಂಚಿಗೆ ಬಟ್ಟೆ ಟೇಪ್ ಅಂಟಿಸಿದ್ಮೇಲೆ ನಿಂತಿದೆ.

ವೈರಿನ ಬಣ್ಣ ಒಂದ್ಸಲ ತಲೇಲಿ ಇಟ್ಕೊಂಡು ಪಕ್ಕದಲ್ಲೇ ನಿಂತ್ಕೊಳ್ಳಿ. ಹಳದಿ ಅಂದ್ರೆ ಬ್ಯಾಟರಿಯಿಂದ ಯಾವಾಗ್ಲೂ ಬರೋ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ ಮಾತ್ರ ಬರೋದು, ಕಪ್ಪು ಅರ್ಥು. ಹಳದಿ ಕೆಂಪು ಅದಲು ಬದಲು ಆದ್ರೆ ಕೀ ತೆಗೆದಾಗೆಲ್ಲ ಸೆಟ್ಟು ಪೂರ್ತಿ ಸತ್ತು, ಪ್ರತಿ ಸಲ ಮೊಬೈಲ್ ಸ್ವಿಚಾಫ್ ಮಾಡಿ ಆನ್ ಮಾಡಿದ ಹಂಗೆ ಕಾಯ್ಬೇಕು. ನೀಲಿ ವೈರು ಆಂಟೆನಾಗೆ ಕರೆಂಟ್ ಕೊಡೋದು, ಅದನ್ನ ಎಷ್ಟೋ ಜನ ಫಿಟ್ಟರ್‌ಗಳು ಸುಮ್ನೆ ಮಡಚಿ ಒಳಗೆ ತುರುಕ್ತಾರೆ, ಸಿಗ್ನಲ್ ಜೋರು ಮಾಡೋ ಬೂಸ್ಟರ್ ಇರೋ ಆಂಟೆನಾ ಆದ್ರೆ ಅಲ್ಲಿಗೆ ಎಫ್‌ಎಂ ಕಥೆ ಮುಗೀತು. ನಂದೂ ಹಂಗೇ ಆಗಿತ್ತು, ಭದ್ರಾವತಿ ಆಕಾಶವಾಣಿ ಶಿವಮೊಗ್ಗ ಊರೊಳಗೇ ಬರೀ ಸೊರಸೊರ ಅಂತಿತ್ತು, ಆ ಒಂದು ವೈರ್ ಸೇರಿಸಿದ್ಮೇಲೆ ಕ್ಲೀನು.

ಇನ್ನು ಕಿತ್ತಳೆ ಬಣ್ಣದ್ದು, ಇಲ್ಯುಮಿನೇಷನ್ ವೈರು. ಹೆಡ್‌ಲೈಟ್ ಹಾಕಿದ್ರೆ ಸ್ಕ್ರೀನ್ ತಾನಾಗೇ ಡಿಮ್ ಆಗುತ್ತೆ, ರಾತ್ರಿ ಕಣ್ಣಿಗೆ ಹೊಡಿಯಲ್ಲ. ಐಡಿಯಾ ಚೆನ್ನಾಗೇ ಇದೆ, ಆದ್ರೆ ನಮ್ಮೂರಲ್ಲಿ ಜೂನ್ ಬಂತು ಅಂದ್ರೆ ಹಗಲು ಹನ್ನೊಂದು ಗಂಟೆಗೂ ಮಂಜು, ಮಳೆ, ಲೈಟ್ ಹಾಕ್ಕೊಂಡೇ ಓಡಿಸ್ಬೇಕು, ಆವಾಗ ಈ ಪುಣ್ಯಾತ್ಮ ರಾತ್ರಿ ಆಯ್ತು ಅಂತ ತಿಳ್ಕೊಂಡು ಮ್ಯಾಪ್ ಕಾಣದಷ್ಟು ಮಂಕಾಗ್ತಾನೆ. ಸೆಟಿಂಗ್ಸಲ್ಲಿ ರಾತ್ರಿ ಬ್ರೈಟ್‌ನೆಸ್ ಬೇರೆ ಇಡೋ ಆಪ್ಷನ್ ಇದೆ, ಅದನ್ನ ಅರ್ಧಕ್ಕಿಂತ ಮೇಲೆ ಇಟ್ಕೊಂಡ್ರೆ ಎರಡಕ್ಕೂ ಆಗುತ್ತೆ.

ಈಗ ಮುಖ್ಯ ವಿಷ್ಯ, ಜಿಪಿಎಸ್. ಸೆಟ್ಟಿನ ಜೊತೆ ಉದ್ದ ವೈರಿರೋ ಒಂದು ಕಪ್ಪು ಚೌಕದ ಆಂಟೆನಾ ಬರುತ್ತೆ, ಬೆಂಕಿಪೊಟ್ಟಣದಷ್ಟೇ ಇರೋದು. ನಮ್ಮ ಹುಡುಗ ಅದನ್ನ ಸೆಟ್ಟಿನ ಹಿಂದೆ, ಕಬ್ಬಿಣದ ಪಟ್ಟಿ ಕೆಳಗೆ ಬಿಸಾಕಿ ಮುಚ್ಚಿದ್ದ. ಶಿವಮೊಗ್ಗದ ಬಯಲಲ್ಲಿ ಹೆಂಗೋ ನಡೀತು, ಮಂಡಗದ್ದೆ ದಾಟಿ ಕಾಡು ಶುರುವಾಗಿದ್ದೇ ತಡ ಮ್ಯಾಪಲ್ಲಿ ನಮ್ಮ ಗಾಡಿ ತೋರ್ಸೋ ಬಾಣ ನಿಂತಲ್ಲೇ ನಿಂತುಬಿಡ್ತು. ತೀರ್ಥಹಳ್ಳೀಲಿ ಪರಿಚಯದ ಎಲೆಕ್ಟ್ರಿಷಿಯನ್ ಹತ್ರ ಡ್ಯಾಶ್‌ಬೋರ್ಡ್ ಬಿಚ್ಚಿಸಿ ಆಂಟೆನಾನ ಮುಂದಿನ ಗ್ಲಾಸಿನ ಕೆಳಗೆ, ಆಕಾಶ ನೋಡೋ ಹಂಗೆ ಅಂಟಿಸಿದ್ಮೇಲೆ ಬೇರೆ ಸೆಟ್ಟೇ ಹಾಕಿದ ಹಂಗಾಯ್ತು. ಗ್ಲಾಸಿಗೆ ಲೋಹದ ಅಂಶ ಇರೋ ಫಿಲ್ಮ್ ಅಂಟಿಸಿದ್ರೆ ಅದೂ ಸಿಗ್ನಲ್ ತಿನ್ನುತ್ತೆ, ನೆನಪಿರಲಿ.

ಫೋನ್ ಇದ್ದ ಮೇಲೆ ಇದೆಲ್ಲ ಯಾಕೆ ಅಂತ ಕೇಳೋರಿದ್ದಾರೆ. ಲೊಕೇಷನ್ ಹಿಡಿಯೋಕೆ ನೆಟ್‌ವರ್ಕ್ ಬೇಡ, ಸ್ಯಾಟಲೈಟ್ ಸಾಕು, ಅದು ಎರಡಕ್ಕೂ ಒಂದೇ. ಆದ್ರೆ ಯಾವ ಸ್ಯಾಟಲೈಟ್ ಎಲ್ಲಿದೆ ಅನ್ನೋ ಮಾಹಿತಿ ಫೋನಿಗೆ ಟವರಿಂದ ಚಕ್ ಅಂತ ಬಂದುಬಿಡುತ್ತೆ, ಸಿಮ್ ಇಲ್ಲದ ಸ್ಟೀರಿಯೋ ಅದನ್ನ ಸ್ಯಾಟಲೈಟಿಂದಲೇ ಇಳಿಸ್ಕೋಬೇಕು, ಅದಕ್ಕೆ 30 ಸೆಕೆಂಡ್ ಬೇಕು, ಮಧ್ಯ ಮರ ಅಡ್ಡ ಬಂದು ಕಟ್ ಆದ್ರೆ ಮತ್ತೆ ಕಾಯೋದೇ. ಅದಕ್ಕೇ ಅಡಿಕೆ ತೋಟದ ಮಧ್ಯೆ ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ಲೊಕೇಷನ್ ಸಿಗ್ಲಿಲ್ಲ ಅಂತ ಬೈಬೇಡಿ, ಬಯಲಲ್ಲಿ ಸ್ವಲ್ಪ ನಿಲ್ಲಿಸಿ ಹೊರಡಿ. ಹಾಟ್‌ಸ್ಪಾಟ್ ಕೊಟ್ಟು ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ ಮೂರೂ ಸೇರೋ ಹಂಗೆ ಗೂಗಲ್ ಮ್ಯಾಪ್ ಆಫ್‌ಲೈನ್ ಇಳಿಸಿಟ್ಟಿದ್ದೀನಿ, ಟ್ರಾಫಿಕ್ ತೋರ್ಸಲ್ಲ, ದಾರಿ ಮಾತ್ರ ಹೇಳುತ್ತೆ, ನಮಗೆ ಬೇಕಾಗಿದ್ದೂ ಅಷ್ಟೇ.

ಆಗುಂಬೆ ಘಾಟಿ, ಅಂದ್ರೆ 169ಎ ಹೆದ್ದಾರಿ, ಅಲ್ಲಿ 14 ಹೇರ್‌ಪಿನ್ ತಿರುವು. ಅಲ್ಲಿ ಒಂದು ತಮಾಷೆ ಆಗುತ್ತೆ. ಮೇಲಿನ ರಸ್ತೆ ಕೆಳಗಿನ ರಸ್ತೆ ಮ್ಯಾಪಲ್ಲಿ ಒಂದರ ಪಕ್ಕ ಒಂದು ಅಂಟ್ಕೊಂಡಿರ್ತವೆ, ಗುಡ್ಡ ಅಡ್ಡ ಬಂದು ಲೊಕೇಷನ್ ಒಂದಿಷ್ಟು ಮೀಟರ್ ಆಚೀಚೆ ಆದ್ರೆ ಸಾಕು, ನಾವಿನ್ನೂ ಮೇಲಿದ್ದಾಗಲೇ ಬಾಣ ಕೆಳಗಿನ ತಿರುವಿಗೆ ಹಾರಿ ಕೂತಿರುತ್ತೆ. ಇರೋದೊಂದೇ ರಸ್ತೆ, ಹಂಗಾಗಿ ತೊಂದರೆ ಏನಿಲ್ಲ, ಆದ್ರೆ ಆ ಹೆಂಗಸಿನ ದನಿ "ಎಡಕ್ಕೆ ತಿರುಗಿ" ಅಂದಾಗ ಎಡಗಡೆ ಬರೀ ಪ್ರಪಾತ. ಘಾಟೀಲಿ ನಾನು ವಾಯ್ಸ್ ಆಫ್ ಮಾಡಿಬಿಡ್ತೀನಿ.

ಸೆಟ್ಟಿನ ಜೊತೆ ಮೊದಲೇ ಹಾಕಿ ಕೊಟ್ಟಿದ್ದ ಇನ್ನೊಂದು ನ್ಯಾವಿಗೇಷನ್ ಆಪ್ ಇತ್ತು, ಯಾವ ಕಾಲದ ಮ್ಯಾಪೋ ಏನೋ. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಮಧ್ಯೆ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಓಡಾಟಕ್ಕೆ ಬಿಟ್ಟರಲ್ಲ, ಆಮೇಲೂ ಅದು ಸಿಗಂದೂರಿಗೆ ಲಾಂಚಲ್ಲೇ ಕಳಿಸ್ತಿತ್ತು. ಡಿಲೀಟ್ ಮಾಡಿದೆ.

ಅಮ್ಮನಿಗೆ ಇಷ್ಟ ಆಗಿದ್ದು ರಿವರ್ಸ್ ಕ್ಯಾಮೆರಾ, ನನಗೆ ಬೇಜಾರಾಗಿದ್ದೂ ಅದೇ. ಮೊದಲನೇ ಮಳೆಗಾಲಕ್ಕೇ ಲೆನ್ಸ್ ಒಳಗೆ ನೀರಿನ ಹಬೆ ಕೂತು ಹಿಂದೆ ನಾಯಿ ಇದ್ಯೋ ಕಲ್ಲಿದ್ಯೋ ಗೊತ್ತಾಗ್ತಿರಲಿಲ್ಲ, ಹೊಸದು ಹಾಕ್ಸಿದ್ದಾಯ್ತು. ವೈರು ಡಿಕ್ಕಿ ಬಾಗಿಲಿಂದ ಒಳಗೆ ಬರೋ ಜಾಗದಲ್ಲಿ ರಬ್ಬರ್ ಬುಶ್ ಸರಿಯಾಗಿ ಕೂತಿದ್ಯಾ ನೋಡಿ, ಇಲ್ಲಾಂದ್ರೆ ನೀರೂ ಬರುತ್ತೆ, ಇಲೀನೂ ಬರುತ್ತೆ.

ಬ್ಯಾಟರಿ ವಿಷ್ಯ ಅಂಗಡಿಯೋರು ಯಾರೂ ಹೇಳಲ್ಲ. ಕೀ ತೆಗೆದ್ರೂ ಈ ಸೆಟ್ಟು ನಿದ್ದೆ ಮಾಡ್ತಿರುತ್ತೆ, ಮತ್ತೆ ಕೀ ಹಾಕಿದ ಎರಡು ಸೆಕೆಂಡಿಗೆ ಎದ್ದೇಳ್ಬೇಕಲ್ಲ. ಒಂದ್ಸಲ ಜೋರು ಮಳೆ ಹಿಡಿದು ಗಾಡಿ ವಾರಗಟ್ಟಲೆ ಶೆಡ್ಡಲ್ಲೇ ನಿಂತಿತ್ತು, ತೆಗೆಯೋಕೆ ಹೋದ್ರೆ ಟಿಕ್ ಟಿಕ್ ಅಷ್ಟೇ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದಾಗ ಕೀ ಇಲ್ಲದೆ 200 ಮಿಲಿ ಆಂಪಿಯರ್ ಎಳೀತಿತ್ತು. ಲೆಕ್ಕ ಹಾಕಿ, ದಿನಕ್ಕೆ ಹತ್ತಿರ ಹತ್ತಿರ 5 ಆಂಪಿಯರ್ ಅವರ್, ವಾರಕ್ಕೆ 33ರ ಮೇಲೆ, ಕಾರಿನ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಸೆಟಿಂಗ್ಸಲ್ಲಿ ಸ್ಲೀಪ್ ಟೈಮ್ ಅಂತ ಇರುತ್ತೆ, ಅರ್ಧ ಗಂಟೆಗೆ ಪೂರ್ತಿ ಆಫ್ ಆಗೋ ಹಂಗೆ ಇಟ್ಟಿದ್ದೀನಿ. ಬೆಳಿಗ್ಗೆ ಆನ್ ಆಗೋಕೆ ಮುಕ್ಕಾಲು ನಿಮಿಷ ತಗೊಳ್ಳುತ್ತೆ, ಅಷ್ಟರಲ್ಲಿ ಗ್ಲಾಸ್ ಒರೆಸ್ಕೋಬಹುದು.

ಸೌಂಡು ಪರವಾಗಿಲ್ಲ, ಹಳೇದಕ್ಕಿಂತ ಬಾಸ್ ಸ್ವಲ್ಪ ಕಮ್ಮಿ. ಬ್ಲೂಟೂತ್ ಕಾಲಲ್ಲಿ ಆಚೆಯೋರಿಗೆ ನಮ್ಮ ದನಿ ಬಾವಿ ಒಳಗಿಂದ ಬಂದಂಗೆ ಕೇಳುತ್ತಂತೆ. ಸೆಟ್ಟು ಆಂಡ್ರಾಯ್ಡ್ 13 ಅಂತ ಹೇಳ್ಕೊಳ್ಳುತ್ತೆ, ಒಳಗೆ ನಿಜವಾಗಿ ಏನಿದೆ ಅಂತ ತೋರ್ಸೋ ಸಿಪಿಯು-ಜೆಡ್ ಆಪ್ ಹಾಕಿ ನೋಡಿದ್ರೆ ಒಳಗಿರೋದು 10. ಎರಡು ಆಪ್ ಒಟ್ಟಿಗೆ ತೆಗೆದ್ರೆ ಏದುಸಿರು, ಹಾಗಾಗಿ ದುಡ್ಡು ಹೊಂದೋದಾದ್ರೆ 4 ಜಿಬಿದೇ ತಗೊಳ್ಳಿ.

ಇದನ್ನ ನೋಡಿ ನಮ್ಮ ಭಾವ ಅವರ ಹೊಸ ಗಾಡಿಗೂ ಹಾಕಿಸ್ತೀನಿ ಅಂತ ಕೂತಿದ್ದಾರೆ. ಈಗಿನ ಗಾಡಿಗಳಲ್ಲಿ ಸ್ಟೀರಿಂಗ್ ಬಟನ್ನು, ಪಾರ್ಕಿಂಗ್ ಸೆನ್ಸರ್ರು ಎಷ್ಟೋ ಕಡೆ ಕ್ಯಾನ್ ಬಸ್ ಮೇಲೆ, ಅಂದ್ರೆ ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋ ವೈರ್ ಜಾಲದ ಮೇಲೆ, ಓಡೋದು, ಬರೀ ಕಪ್ಲರ್ ಸಾಲಲ್ಲ, ಆ ಮಾಡೆಲ್ಲಿಗೆ ಸರಿಯಾದ, ಆ ಮಾತನ್ನ ಸೆಟ್ಟಿಗೆ ಅರ್ಥ ಮಾಡ್ಸೋ ಡಿಕೋಡರ್ ಡಬ್ಬೀನೂ ಬೇಕು. "ಭಾವ, ಡಬ್ಬಿ ಕೈಗೆ ಬಂದ್ಮೇಲೆ ಡ್ಯಾಶ್‌ಬೋರ್ಡ್ ಬಿಚ್ಚಿಸಿ, ಮೊದಲೇ ಬಿಚ್ಚಿಸಿ ಕೂರ್ಬೇಡಿ" ಅಂದಿದ್ದೀನಿ, ಕೇಳ್ತಾರೋ ಇಲ್ವೋ.